ಉದ್ಯೋಗ ವಿನಿಮಯ ಕಛೇರಿಯೂ ಹೊರನಾಡ ಕನ್ನಡಿಗರೂ

ನವೆಂಬರ್ ಒಂದನೆಯ ತಾರೀಖನ್ನು ನಾವು ಹಬ್ಬದಂತೆ ಆಚರಿಸುತ್ತೇವೆ. ಹರಿದು ಹಂಚಿಹೋಗಿದ್ದ ಕನ್ನಡ ಸೀಮೆಗಳು 1956ರಲ್ಲಿ ಒಂದುಗೂಡಿದ ದಿನ ಅದು. ಅದೇ ದಿನ ಆಂಧ್ರ ಪ್ರದೇಶವೂ ಉದಯವಾಯಿತೆಂಬುದನ್ನು ವಿಶಾಖಪಟ್ಟಣದಲ್ಲಿಯೂ ವಿಜಯವಾಡದಲ್ಲಿಯೂ ನೆಲಸಿರುವ ನಮಗೆ ಯಾರೂ ನೆನಪು ಮಾಡಿಕೊಡಬೇಕಾಗಿಲ್ಲ. ಆದರೆ ಆ ದಿನವೇ ಸದ್ದಿಲ್ಲದೆ ಜರುಗಿದ ಮೂರನೆಯ ಸಂಗತಿಯೊಂದುಂಟು. ದೇಶದ ಉದ್ಯೋಗ ವಿನಿಮಯ ಕಛೇರಿಗಳ ದೈನಂದಿನ ಆಡಳಿತವನ್ನು ಕೇಂದ್ರ ಸರ್ಕಾರವು ರಾಜ್ಯ ಸರ್ಕಾರಗಳಿಗೆ ಒಪ್ಪಿಸಿದ್ದು 1956ರ ನವೆಂಬರ್ 1ರಿಂದಲೇ. ರಾಜ್ಯೋತ್ಸವದ ಭಾಷಣಗಳಲ್ಲಿ ಇದರ ಪ್ರಸ್ತಾಪ ಬರುವುದಿಲ್ಲ. ಬರಬೇಕೆಂದೂ ನಾನು ಹೇಳುವುದಿಲ್ಲ. ಆದರೆ ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದವರ ಮನೆಯಲ್ಲಿ ಯಜಮಾನನ ಕೆಲಸ ಹೋದಾಗ, ಇಲ್ಲವೆ ಮಗ ಓದು ಮುಗಿಸಿ ಮನೆಯಲ್ಲಿ ಕುಳಿತಾಗ, "ಯಾವ ಬಾಗಿಲಿಗೆ ಹೋಗಿ ಕೇಳುವುದು?" ಎಂಬ ಪ್ರಶ್ನೆ ಏಳುತ್ತದೆಯಷ್ಟೆ. ಅದಕ್ಕೆ ಉತ್ತರವು ಬಹುಮಟ್ಟಿಗೆ ಈ ಮೂರನೆಯ ಸಂಗತಿಯಲ್ಲಿಯೇ ಅಡಗಿದೆ.

ಅದಕ್ಕೂ ಹಿಂದೆ ಆ ಪ್ರಶ್ನೆ ಹೀಗಿರಲಿಲ್ಲ. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಬೇರೆಯಾಗುವ ತನಕ ದಕ್ಷಿಣ ಕನ್ನಡವೂ ಬಳ್ಳಾರಿಯೂ ವಿಶಾಖಪಟ್ಟಣವೂ ಬೆಜವಾಡವೂ ಒಂದೇ ಮದರಾಸು ಆಡಳಿತಕ್ಕೆ ಸೇರಿದ್ದ ಊರುಗಳು. ಉಡುಪಿಯ ಕಡೆಯ ಹುಡುಗನೊಬ್ಬ ಮಂಗಳೂರಿನಲ್ಲಿ ರೈಲು ಹತ್ತಿ ಮದರಾಸಿಗೆ ಬಂದು, ಅಲ್ಲಿಂದ ಕಲ್ಕತ್ತೆಯ ಮೇಲು ಹಿಡಿದು, ಕೃಷ್ಣೆಯನ್ನು ದಾಟಿ ಬೆಜವಾಡದಲ್ಲಿ ಇಳಿದರೆ ಕಿವಿಗೆ ಬೀಳುವ ಭಾಷೆ ಬದಲಾಗುತ್ತಿತ್ತೇ ಹೊರತು ಸರ್ಕಾರ ಬದಲಾಗುತ್ತಿರಲಿಲ್ಲ. ವಾಲ್ತೇರಿಗೆ ಹೋದರೂ ಅಷ್ಟೆ.

ಸರ್ಕಾರ ಒಂದೇ ಆಗಿತ್ತೆಂದ ಮಾತ್ರಕ್ಕೆ ಅದು ಅವನಿಗೆ ಅನ್ನ ಹಾಕುತ್ತಿತ್ತೆಂದು ತಿಳಿಯಬಾರದು. ಅನ್ನ ಹಾಕುತ್ತಿದ್ದವರು ಊರಿನವರು. ಹೋಟೆಲಿನ ಹಿಂದಿನ ಬಾಗಿಲಲ್ಲಿ ಬಂದು ನಿಂತವನಿಗೆ ಮೊದಲು ಊಟ, ಆಮೇಲೆ ಮಾತು. ಕೆಲಸ ಖಾಲಿಯಿಲ್ಲದಿದ್ದರೂ ಮಲಗಲು ಅಟ್ಟದ ಮೇಲೆ ಜಾಗ. ಹಗಲು ಈರುಳ್ಳಿ ಹೆಚ್ಚಿ, ಹಿಟ್ಟು ರುಬ್ಬಿ, ಮೇಜು ಒರಸಿ ಕೊಡುವುದು. ಹದಿನೈದು ದಿನದಲ್ಲಿ ಅಲ್ಲಿಯೋ ಇನ್ನೊಂದು ಹೋಟೆಲಿನಲ್ಲಿಯೋ ಎಡೆ ಸಿಕ್ಕುತ್ತಿತ್ತು. ನಮ್ಮ ಜನರ ಮೊದಲನೆಯ ನಿರುದ್ಯೋಗ ಭತ್ಯೆ ಇದೇ. ಇದನ್ನು ನಾನು ಕೃತಜ್ಞತೆಯಿಂದಲೇ ನೆನೆಯುತ್ತೇನೆ. ಆದರೆ ಅದರ ಇನ್ನೊಂದು ಮುಖವನ್ನೂ ಮರೆಮಾಚಲಾರೆ. ಪರಿಚಯದಿಂದ ಸಿಕ್ಕಿದ ಕೆಲಸ ಮುನಿಸಿನಿಂದ ಹೋಗುತ್ತಿತ್ತು. ಆರು ತಿಂಗಳು ದುಡಿದವನನ್ನು ಸಕಾರಣವಿಲ್ಲದೆ, ಒಂದು ತಿಂಗಳ ನೋಟೀಸು ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯಬಾರದೆಂದು 1947ರ ಮದರಾಸು ಅಂಗಡಿ ಮತ್ತು ಸಂಸ್ಥೆಗಳ ಕಾಯಿದೆ ಹೇಳುತ್ತಿತ್ತು. ಊರಿನವನೇ ಆದ ಧಣಿಯ ಎದುರಿಗೆ ಆ ಕಾಯಿದೆಯ ಹೆಸರೆತ್ತುವ ಧೈರ್ಯ ಎಷ್ಟು ಮಂದಿಗೆ ಇದ್ದೀತು?

ಇನ್ನು ಸರ್ಕಾರದ ಬಾಗಿಲಿನ ಮಾತು. ಕೆಲಸ ಹುಡುಕುವವನನ್ನೂ ಕೆಲಸ ಕೊಡುವವನನ್ನೂ ಒಂದೆಡೆ ಸೇರಿಸುವ ಕಛೇರಿಗಳು ಇಂಗ್ಲೆಂಡಿನಲ್ಲಿ 1910ರ ಫೆಬ್ರವರಿ 1ರಂದು ತೆರೆದವು. ಮರುವರ್ಷವೇ ಅಲ್ಲಿ ನಿರುದ್ಯೋಗ ವಿಮೆಯ ಶಾಸನವೂ ಆಯಿತು. ಕಛೇರಿಯಲ್ಲಿ ಹೆಸರು ಬರೆಸುವುದು, ಕೆಲಸ ಸಿಕ್ಕುವ ತನಕ ವಿಮೆಯ ಹಣ ಪಡೆಯುವುದು, ಇವೆರಡೂ ಅಲ್ಲಿ ಒಂದೇ ಕಿಟಕಿಯ ವ್ಯವಹಾರ. ನಮ್ಮ ದೇಶಕ್ಕೆ ಬಂದಾಗ ಕಿಟಕಿ ಮಾತ್ರ ಬಂದಿತು, ಹಣ ಬರಲಿಲ್ಲ. ಎರಡನೆಯ ಮಹಾಯುದ್ಧ ಮುಗಿಯುತ್ತಿರಲು, ಸೈನ್ಯದಿಂದ ಬಿಡುಗಡೆಯಾದವರಿಗೆ ದಾರಿ ತೋರಿಸುವುದಕ್ಕಾಗಿ 1945ರ ಜುಲೈ ತಿಂಗಳಲ್ಲಿ ಪುನರ್ವಸತಿ ಮತ್ತು ಉದ್ಯೋಗ ಮಹಾನಿರ್ದೇಶನಾಲಯವನ್ನು ಸ್ಥಾಪಿಸಿದರು. ದೇಶವಿಭಜನೆಯ ತರುವಾಯ ನಿರಾಶ್ರಿತರು ಅದರ ಬಾಗಿಲಿಗೆ ಬಂದರು. 1948ರಲ್ಲಿ ಅದು ಎಲ್ಲರಿಗೂ ತೆರೆಯಿತು. ಸಂವಿಧಾನದ 41ನೆಯ ಅನುಚ್ಛೇದ ನಿರುದ್ಯೋಗದ ಕಾಲದಲ್ಲಿ ಸರ್ಕಾರದ ನೆರವಿನ ಮಾತನ್ನು ಆಡಿದೆ. ಆದರೆ ರಾಜ್ಯದ ಆರ್ಥಿಕ ಶಕ್ತಿಯ ಮಿತಿಯೊಳಗೆ ಎಂಬ ಕಟ್ಟಳೆಯೂ ಜೊತೆಗಿದೆ.

ಈ ಕಛೇರಿಗಳನ್ನು ಉಳಿಸಿಕೊಳ್ಳಬೇಕೆ, ಉಳಿಸಿಕೊಂಡರೆ ನಡೆಸತಕ್ಕವರು ಯಾರು ಎಂಬುದನ್ನು ವಿಚಾರಿಸಲು 1952ರಲ್ಲಿ ಒಂದು ಸಮಿತಿ ನೇಮಕವಾಯಿತು. ಅದರ ಅಧ್ಯಕ್ಷರು ನಮ್ಮ ಮಂಗಳೂರಿನ ಬೆನಗಲ್ ಶಿವರಾಯರು. ಸಂವಿಧಾನ ರಚನೆಯಲ್ಲಿ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗರಾಯರ ಸಹೋದರರೆಂದು ಹಲವರು ಅವರನ್ನು ಬಲ್ಲರು. ಅದಕ್ಕೂ ಮಿಗಿಲಾಗಿ ಅವರು ಮದರಾಸಿನ ಕಾರ್ಮಿಕ ಚಳವಳಿಯಲ್ಲಿ ದುಡಿದವರು, ಪತ್ರಕರ್ತರು, ದಕ್ಷಿಣ ಕನ್ನಡದಿಂದ ಮೊದಲನೆಯ ಲೋಕಸಭೆಗೆ ಆರಿಸಿಬಂದವರು. ಆಗ ಕೇಂದ್ರದಲ್ಲಿ ಕಾರ್ಮಿಕ ಮಂತ್ರಿಗಳಾಗಿದ್ದವರು ವಿ. ವಿ. ಗಿರಿಯವರು, ತೆಲುಗರು, ಮುಂದೆ 1965ರಲ್ಲಿ ಮೈಸೂರಿಗೆ ರಾಜ್ಯಪಾಲರಾಗಿ ಬಂದವರು. ಒಬ್ಬ ಕನ್ನಡಿಗರೂ ಒಬ್ಬ ತೆಲುಗರೂ ಹೀಗೆ ಒಂದೇ ಕಾಲದಲ್ಲಿ ಕೆಲಸವಿಲ್ಲದವನ ಸಂಗತಿಗೆ ಕೈಹಾಕಿದ್ದು ನಮ್ಮಂಥವರಿಗೆ ನೆನೆಯಲು ಹಿತವಾದದ್ದು. ಗಿರಿಯವರ ಕಾಲದಲ್ಲಿಯೇ, 1953ರಲ್ಲಿ, ಕೆಲಸ ಕಡಿತವಾದ ಕಾರ್ಮಿಕನಿಗೆ ಸೇವೆಯ ಪ್ರತಿಯೊಂದು ವರ್ಷಕ್ಕೆ 15 ದಿನದ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕೆಂಬ ನಿಯಮ ಶಾಸನವಾಯಿತು. 2025ರ ನವೆಂಬರ್ 21ರಿಂದ ಹಳೆಯ ಕಾಯಿದೆ ಹೋಗಿ ಕೈಗಾರಿಕಾ ಸಂಬಂಧಗಳ ಸಂಹಿತೆ ಜಾರಿಗೆ ಬಂದಿದ್ದರೂ ಆ ಹದಿನೈದು ದಿನದ ಲೆಕ್ಕ ಉಳಿದಿದೆ.

ಶಿವರಾಯರ ಸಮಿತಿ 1954ರಲ್ಲಿ ವರದಿಯನ್ನು ಒಪ್ಪಿಸಿತು. ಕಛೇರಿಗಳು ಇರಲಿ, ನೀತಿಯೂ ಮೇಲ್ವಿಚಾರಣೆಯೂ ಕೇಂದ್ರದ್ದು, ದಿನನಿತ್ಯದ ಆಡಳಿತ ರಾಜ್ಯಗಳದ್ದು ಎಂಬುದು ಅದರ ತೀರ್ಮಾನದ ಸಾರ. ಅದರಂತೆಯೇ ಆ ನವೆಂಬರ್ 1 ಬಂದಿತು. ಬೆಜವಾಡದ ಅಟ್ಟದ ಮೇಲೆ ಮಲಗಿದ್ದ ಹುಡುಗ 1953ರಲ್ಲಿಯೇ ಒಂದು ಹೆಜ್ಜೆಯನ್ನೂ ಇಡದೆ ಹೊರರಾಜ್ಯದವನಾಗಿದ್ದನು; ಆ ಬೆಳಗ್ಗೆ ಅವನ ದಕ್ಷಿಣ ಕನ್ನಡ ಮೈಸೂರಿಗೆ ಸೇರಿತು. ಕೆಲಸದ ಕಛೇರಿಯೂ ಅದೇ ಬೆಳಗ್ಗೆ ರಾಜ್ಯದ್ದಾಯಿತು.

ನನ್ನ ಸೋದರಮಾವನವರ ಎಕ್ಸ್-10 ಕಾರ್ಡು ಇಂದಿಗೂ ನಮ್ಮ ಮನೆಯಲ್ಲಿದೆ. ಹೆಸರು ಬರೆಸಿದವರಿಗೆ ಕೊಡುತ್ತಿದ್ದ ಗುರುತಿನ ಚೀಟಿಗೆ ಅದೇ ಹೆಸರು. ನೋಂದಣಿಯ ಸಂಖ್ಯೆ, ಉದ್ಯೋಗದ ಸಂಕೇತ ಸಂಖ್ಯೆ, ಹಿಂದುಗಡೆ ನವೀಕರಣದ ಮೊಹರುಗಳು. ಅವಧಿಯೊಳಗೆ ನವೀಕರಿಸದಿದ್ದರೆ ಹಿಂದಿನ ಸರದಿ ಹೋಗುತ್ತಿತ್ತು. ಮಾವನವರು ಅಜ್ಜನ ಉತ್ತರಕ್ರಿಯೆಗೆಂದು ಊರಿಗೆ ಹೋಗಿ, ಗದ್ದೆಯ ಕೆಲಸಕ್ಕೆ ಸಿಕ್ಕಿಕೊಂಡು, ಹಿಂದಿರುಗುವಷ್ಟರಲ್ಲಿ ತಾರೀಖು ದಾಟಿತ್ತು. ನಾಲ್ಕು ವರ್ಷದ ಸರದಿ ಅಲ್ಲಿಗೆ ಮುಗಿಯಿತು. "ಅಪ್ಪ ಹೋದದ್ದಕ್ಕೆ ಅತ್ತೆನೋ, ಕಾರ್ಡಿಗೆ ಅತ್ತೆನೋ ಹೇಳಲಾರೆ ಮಾರಾಯ" ಎಂದು ಅವರು ಮುದುಕರಾದ ಮೇಲೂ ನಗುತ್ತಿದ್ದರು.

ಖಾಲಿಯಾದ ಹುದ್ದೆಗಳನ್ನು ಕಛೇರಿಗೆ ತಿಳಿಸುವುದು ಕಡ್ಡಾಯವೆಂಬ 1959ರ ಕಾಯಿದೆ 1960ರ ಮೇ 1ರಿಂದ ಜಾರಿಗೆ ಬಂದಿತು. ತಿಳಿಸುವುದು ಮಾತ್ರ ಕಡ್ಡಾಯ. ಕಛೇರಿ ಕಳುಹಿಸಿದವರನ್ನೇ ತೆಗೆದುಕೊಳ್ಳಬೇಕೆಂದು ಅದು ಹೇಳಲಿಲ್ಲ. ಆದರೂ ಸರ್ಕಾರಿ ಇಲಾಖೆಗಳಲ್ಲಿ ಕಛೇರಿಯ ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಬಾಗಿಲು ಮುಚ್ಚುವ ವಾಡಿಕೆ ಬೆಳೆಯಿತು. ಅದನ್ನು ಸಡಿಲಿಸಿದ ಮೊಕದ್ದಮೆ ಹುಟ್ಟಿದ್ದು ವಿಜಯವಾಡ ಆಗ ಸೇರಿದ್ದ ಕೃಷ್ಣಾ ಜಿಲ್ಲೆಯಲ್ಲಿಯೇ, ಅಬಕಾರಿ ಇಲಾಖೆಯ ನೇಮಕವೊಂದರಿಂದ. ಕಛೇರಿಯಿಂದ ಹೆಸರು ತರಿಸಿಕೊಳ್ಳುವುದರ ಜೊತೆಗೆ ಪತ್ರಿಕೆಗಳಲ್ಲಿಯೂ ಪ್ರಕಟಿಸಿ, ಅರ್ಜಿ ಹಾಕಿದ ಎಲ್ಲರನ್ನೂ ಪರಿಗಣಿಸಬೇಕೆಂದು ಸುಪ್ರೀಂ ಕೋರ್ಟು 1996ರಲ್ಲಿ ತೀರ್ಪು ಕೊಟ್ಟಿತು. ಮಾವನವರು ಆ ಸುದ್ದಿಯನ್ನು ಓದುವ ಹೊತ್ತಿಗೆ ಅವರಿಗೆ ಕೆಲಸ ಬೇಕಾಗಿರಲಿಲ್ಲ.

ಕೆಲಸವಿಲ್ಲದ ದಿನಕ್ಕೂ ಹಣ ಕೊಡುವ ಏರ್ಪಾಡು ಈ ಎರಡು ಊರುಗಳ ಪೈಕಿ ಮೊದಲು ಕಂಡುಬಂದದ್ದು ವಿಶಾಖಪಟ್ಟಣದ ಬಂದರಿನಲ್ಲೆಂದು ಹೇಳಬಹುದು. ಹಡಗು ಬಂದರೆ ಕೂಲಿ, ಬಾರದಿದ್ದರೆ ಉಪವಾಸ, ಮೇಸ್ತ್ರಿ ಕರೆದವನಿಗೆ ಮಾತ್ರ ಕೆಲಸ, ಇದು ಎಲ್ಲ ಬಂದರುಗಳ ಹಳೆಯ ಕಥೆ. 1948ರ ಡಾಕ್ ಕಾರ್ಮಿಕರ ಕಾಯಿದೆಯ ಅಡಿಯಲ್ಲಿ ವಿಶಾಖಪಟ್ಟಣಕ್ಕೆ 1959ರಲ್ಲಿ ಯೋಜನೆಯೊಂದು ಬಂದಿತು. ಡಾಕ್ ಕಾರ್ಮಿಕರ ಮಂಡಲಿಯಲ್ಲಿ ಹೆಸರು ಬರೆಸಿದ ಕಾರ್ಮಿಕ ಪಾಳಿಯ ಹೊತ್ತಿಗೆ ಹಾಜರಾಗಬೇಕು. ಕೆಲಸ ಇಲ್ಲದಿದ್ದರೆ ಅವನಿಗೆ ಹಾಜರಿಯ ಭತ್ಯೆ. ಕೆಲಸಕ್ಕೆಂದು ಕರೆದು, ಯಾವುದೋ ಕಾರಣದಿಂದ ಕೆಲಸ ಆರಂಭವಾಗದೆ ಹಿಂದಕ್ಕೆ ಕಳುಹಿಸಿದರೆ ಅದಕ್ಕೂ ಒಂದು ಹಣ; ಆಶಾಭಂಗದ ಹಣವೆಂಬ ಅರ್ಥದ ಹೆಸರನ್ನೇ ಇಂಥ ಯೋಜನೆಗಳಲ್ಲಿ ಅದಕ್ಕೆ ಇಟ್ಟಿದ್ದರು. ಸರ್ಕಾರಿ ಕಾಗದದಲ್ಲಿ ಮನುಷ್ಯನ ಆಶಾಭಂಗಕ್ಕೆ ಬೆಲೆ ಕಟ್ಟಿದ್ದನ್ನು ನಾನು ಬೇರೆಲ್ಲಿಯೂ ಕಂಡಿಲ್ಲ. ಆದರೆ ಇದೆಲ್ಲ ಪಟ್ಟಿಯೊಳಗಿದ್ದವರ ಭಾಗ್ಯ. ಬಂದರಿನ ಹೊರಗೆ ಕಾಫಿ ಸೋಸುತ್ತಿದ್ದ ನಮ್ಮವನಿಗೆ ಯಾವ ಪಟ್ಟಿಯೂ ಇರಲಿಲ್ಲ.

1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ನೆಹರೂ ಅವರು ಉದ್ಘಾಟಿಸಿದ ಇ.ಎಸ್.ಐ. ಯೋಜನೆಯೂ ಮೊದಲು ವಿದ್ಯುಚ್ಛಕ್ತಿ ಬಳಸುವ, 20 ಅಥವಾ ಹೆಚ್ಚು ಜನ ದುಡಿಯುವ ಕಾರ್ಖಾನೆಗಳಿಗೆ ಮಾತ್ರ ಅನ್ವಯಿಸುತ್ತಿತ್ತು. ಕಾಯಿಲೆ, ಹೆರಿಗೆ, ಗಾಯಗಳಿಗೆ ಅದರಲ್ಲಿ ನೆರವಿತ್ತು, ನಿರುದ್ಯೋಗಕ್ಕೆ ಇರಲಿಲ್ಲ. ಅದು ಸೇರಿದ್ದು 2005ರ ಏಪ್ರಿಲ್ 1ರಂದು, ಐವತ್ತಮೂರು ವರ್ಷಗಳ ಮೇಲೆ. ಕಾರ್ಖಾನೆ ಮುಚ್ಚಿದರೆ, ಇಲ್ಲವೆ ಕಡಿತವಾಗಿ ಕೆಲಸ ಹೋದರೆ ಅರ್ಧ ವೇತನ. ಮೊದಲು ಆರು ತಿಂಗಳಿಗೆ ಮಾತ್ರ, ಅನಂತರ ಅವಧಿಯನ್ನು ಹೆಚ್ಚಿಸಿದರು. 2018ರ ಜುಲೈ 1ರಿಂದ ಇನ್ನೊಂದು ಯೋಜನೆ ಬಂದಿತು, ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ: ಜೀವಮಾನದಲ್ಲಿ ಒಟ್ಟು 90 ದಿನಗಳ ಮಟ್ಟಿಗೆ, ಸರಾಸರಿ ಗಳಿಕೆಯ ನಾಲ್ಕನೆಯ ಒಂದು ಪಾಲು. ಕೋವಿಡ್ ಕಾಲದಲ್ಲಿ, 2020ರಲ್ಲಿ, ಅದನ್ನು ಅರ್ಧಕ್ಕೆ ಏರಿಸಿದರು. ಹಳೆಯ ಧಣಿಯ ಮೂಲಕ ಹೋಗದೆ ನೇರವಾಗಿ ಅರ್ಜಿ ಹಾಕಲು ಅವಕಾಶ ಕೊಟ್ಟರು. ಅಟ್ಟದ ಮೇಲಿನ ಹುಡುಗನಿಗೆ 1947ರಲ್ಲಿ ಬೇಕಾಗಿದ್ದುದು ಈ ಕೊನೆಯ ಮಾತೇ ಅಲ್ಲವೆ? ಆ ಯೋಜನೆಯ ಅವಧಿಯನ್ನು ಆಗಾಗ್ಗೆ ಮುಂದುವರಿಸುತ್ತ ಬಂದಿರುವುದರಿಂದ, ಕೆಲಸ ಹೋದವರು ಶಾಖಾ ಕಛೇರಿಯಲ್ಲಿ ಮೊದಲು ಅದನ್ನು ವಿಚಾರಿಸಿಕೊಳ್ಳುವುದು ಲೇಸು. ಇ.ಎಸ್.ಐ. ಕೇಂದ್ರದ್ದಾದುದರಿಂದ ಅಲ್ಲಿ ನೀವು ಯಾವ ರಾಜ್ಯದವರೆಂದು ಕೇಳುವುದಿಲ್ಲ; ಧಣಿ ನಿಮ್ಮ ಹೆಸರನ್ನು ಬರೆಸಿ ಹಣ ಕಟ್ಟಿದ್ದನೆ ಎಂದು ಕೇಳುತ್ತಾರೆ.

ರಾಜ್ಯಗಳ ನೆರವು ಹಾಗಲ್ಲ. ಆಂಧ್ರದಲ್ಲಿ 2018ರ ಅಕ್ಟೋಬರ್ 2ರಂದು ಆರಂಭವಾದ ಯುವನೇಸ್ತಂ ಯೋಜನೆ ಓದಿದ ನಿರುದ್ಯೋಗಿಗಳಿಗೆ ತಿಂಗಳಿಗೆ 1,000 ರೂಪಾಯಿ ಕೊಟ್ಟಿತು. ಮರುವರ್ಷ ಸರ್ಕಾರ ಬದಲಾದಾಗ ನಿಂತುಹೋಯಿತು. ಕರ್ನಾಟಕದ ಯುವನಿಧಿಯ ಹಣ 2024ರ ಜನವರಿ 12ರಿಂದ ಸಲ್ಲತೊಡಗಿತು: ಪದವೀಧರರಿಗೆ 3,000, ಡಿಪ್ಲೊಮಾದವರಿಗೆ 1,500, ಹೆಚ್ಚೆಂದರೆ ಎರಡು ವರ್ಷ. ಮೊದಲನೆಯದಕ್ಕೆ ಆಂಧ್ರದ ನಿವಾಸಿಯಾಗಿರಬೇಕಿತ್ತು, ಎರಡನೆಯದಕ್ಕೆ ಕರ್ನಾಟಕದ ನಿವಾಸಿಯಾಗಿರಬೇಕು. ಮನೆಮಾತು ಯಾವುದೆಂದು ಎರಡೂ ಕೇಳಲಿಲ್ಲ.

ಕೊನೆಯದಾಗಿ, ನಮ್ಮ ಮಕ್ಕಳ ಮಟ್ಟಿಗೆ ಎಲ್ಲಕ್ಕಿಂತ ಹೆಚ್ಚು ಬಾಧಿಸಿದ ಸಂಗತಿ. ಸರ್ಕಾರಿ ಕೆಲಸಕ್ಕೆ ವಾಸಸ್ಥಳದ ನಿರ್ಬಂಧ ಬೇಡವೆಂದು 1957ರಲ್ಲಿ ಸಂಸತ್ತು ಶಾಸನ ಮಾಡಿತ್ತು, ಕೆಲವು ಪ್ರದೇಶಗಳನ್ನು ಬಿಟ್ಟು. ಆಂಧ್ರ, ತೆಲಂಗಾಣ ಚಳವಳಿಗಳ ತರುವಾಯ ಸಂವಿಧಾನಕ್ಕೆ 371-ಡಿ ಅನುಚ್ಛೇದ ಸೇರಿತು. 1975ರ ಅಕ್ಟೋಬರ್‌ನಲ್ಲಿ ರಾಷ್ಟ್ರಪತಿಗಳ ಆದೇಶ ಹೊರಟಿತು. ಅದರಲ್ಲಿ ವಿಶಾಖಪಟ್ಟಣ ಒಂದನೆಯ ವಲಯ, ಕೃಷ್ಣಾ ಜಿಲ್ಲೆ ಎರಡನೆಯದು. 'ಸ್ಥಳೀಯ ಅಭ್ಯರ್ಥಿ' ಯಾರೆಂಬುದಕ್ಕೆ ಆದೇಶ ಹಿಡಿದ ಅಳತೆಗೋಲು ತಾಯಿಭಾಷೆಯೂ ಅಲ್ಲ, ತಂದೆಯ ಊರೂ ಅಲ್ಲ, ಶಾಲೆ. ನಿಗದಿಯಾದ ಪರೀಕ್ಷೆಯ ವರ್ಷಕ್ಕೆ ಕೊನೆಗೊಳ್ಳುವಂತೆ ಸತತ ನಾಲ್ಕು ವರ್ಷ ಅಲ್ಲಿ ಓದಿದವನು ಅಲ್ಲಿಯವನು. ಹೀಗಾಗಿ ಉಡುಪಿಯ ಹೋಟೆಲಿನವನ ಮಗಳು ವಿಶಾಖಪಟ್ಟಣದಲ್ಲಿ ಹತ್ತನೆಯ ತರಗತಿಯವರೆಗೆ ಓದಿದರೆ ಸ್ಥಳೀಯಳು. ಕನ್ನಡ ಕಲಿಯಲೆಂದು ಎಂಟನೆಯ ತರಗತಿಗೆ ಅಜ್ಜಿಯ ಮನೆಗೆ ಕಳುಹಿಸಿದ ತಮ್ಮ ಹೊರಗಿನವನು. ಕನ್ನಡದ ಮೇಲಿನ ಪ್ರೀತಿಯಿಂದಲೇ ಮಕ್ಕಳನ್ನು ಹಾಗೆ ಕಳುಹಿಸಿದ ಮನೆಗಳನ್ನು ನಾನು ಬಲ್ಲೆ. ಕಳುಹಿಸಬಾರದಿತ್ತೆಂದು ಹೇಳಲು ನನಗೆ ಬಾಯಿ ಬಾರದು. ಕಳುಹಿಸುವಾಗ ಅವರಿಗೆ ಈ ಲೆಕ್ಕ ತಿಳಿದಿರಲಿಲ್ಲವೆಂಬುದಷ್ಟೇ ನನ್ನ ಸಂಕಟ.

ಜಿಲ್ಲೆಗಳ ಗಡಿಗಳು 2022ರಲ್ಲಿ ಬದಲಾಗಿವೆ. ಆದಕಾರಣ ಪ್ರತಿಯೊಂದು ನೇಮಕದ ಪ್ರಕಟಣೆಯನ್ನೂ ಓದಿಯೇ ಅರ್ಜಿ ಹಾಕಬೇಕು. ಆದರೆ ನಾಲ್ಕರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗ ಪತ್ರಗಳನ್ನು ಇಲ್ಲಿ ಕೇಳುವುದು ರೂಢಿ. ಕಳೆದ ಬೇಸಗೆಯಲ್ಲಿ ನಮ್ಮ ನೆರೆಮನೆಯ ಹುಡುಗಿ ತಾನು ಐದನೆಯ ತರಗತಿ ಓದಿದ ಶಾಲೆಯನ್ನು ಹುಡುಕಿಕೊಂಡು ಹೋದಳು. ಶಾಲೆ ಮುಚ್ಚಿ ಮೂರು ವರ್ಷವಾಗಿತ್ತು. ಹಾಜರಿ ಪುಸ್ತಕಗಳು ಯಾರ ವಶದಲ್ಲಿವೆ ಎಂದು ವಿಚಾರಿಸುತ್ತ ಆಕೆಯೂ ತಂದೆಯೂ ಹನ್ನೊಂದು ದಿನ ತಿರುಗಿದರು. ಅರ್ಜಿಯ ಕೊನೆಯ ತಾರೀಖಿನ ಹಿಂದಿನ ಸಂಜೆ ಪತ್ರ ಕೈಗೆ ಬಂದಿತು. ಈಗ ಆಕೆಯ ತಾಯಿ ಚಿಕ್ಕ ಮಗನ ಪತ್ರವನ್ನು ವರ್ಷವರ್ಷವೂ ಬೇಸಗೆಯ ರಜೆಗೆ ಮುಂಚೆಯೇ ಬರೆಸಿಕೊಂಡು ತಂದು, ಇ.ಎಸ್.ಐ. ಚೀಟಿಯ ಜೊತೆಗೆ ಒಂದೇ ಡಬ್ಬಿಯಲ್ಲಿ ಇಡುತ್ತಾರೆ.