ಎರೆಮಣ್ಣಿನ ಮೇಲಿನ ಕಾಂಕ್ರೀಟ್ ಅಂಗಳ: ಕಡಗಂಚಿ ಭಾಗದಲ್ಲಿ ಬಿರುಕು, ದುರಸ್ತಿ ಮತ್ತು ಮರುಹೊದಿಕೆ

ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಕಡಗಂಚಿಯು ಕಲಬುರಗಿಯಿಂದ ಆಳಂದಕ್ಕೆ ಹೋಗುವ ಮಾರ್ಗದಲ್ಲಿರುವ ಗ್ರಾಮ. 2009ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣ ಇಲ್ಲಿರುವುದರಿಂದ ರಾಜ್ಯದ ಇತರೆಡೆಯವರಿಗೂ ಈ ಊರಿನ ಹೆಸರು ಪರಿಚಿತವಾಗಿದೆ. ದಖನ್ ಪ್ರಸ್ಥಭೂಮಿಯ ಕಪ್ಪುಶಿಲೆ ಶಿಥಿಲಗೊಂಡು ಉಂಟಾದ ಎರೆಮಣ್ಣು ಈ ಭಾಗದ ಹೊಲಗಳಲ್ಲಿ ತೊಗರಿ ಮತ್ತು ಜೋಳವನ್ನು ಬೆಳೆಸುತ್ತದೆ. ಅದೇ ಮಣ್ಣು ಮನೆಯಂಗಳಕ್ಕೆ ಹಾಕಿದ ಕಾಂಕ್ರೀಟನ್ನು ಒಡೆಯುತ್ತದೆ.

ಅಂಗಳದ ಕಾಂಕ್ರೀಟ್ ದುರಸ್ತಿಯ ಬಗ್ಗೆ ಇಂಗ್ಲಿಷಿನಲ್ಲಿ ದೊರೆಯುವ ಕೈಪಿಡಿಗಳಲ್ಲಿ ಹೆಚ್ಚಿನವು ಶೀತಪ್ರದೇಶಗಳನ್ನು ಕುರಿತವು. ಸುಮಾರು 1,600 ಮೀಟರ್ ಎತ್ತರದ ಅಮೆರಿಕದ ಡೆನ್ವರ್‌ನಲ್ಲಾಗಲಿ, 3,500 ಮೀಟರ್ ಎತ್ತರದ ಲಡಾಖಿನ ಲೇಹ್‌ನಲ್ಲಾಗಲಿ ಕಾಂಕ್ರೀಟಿನ ಮುಖ್ಯ ಶತ್ರು ಹೆಪ್ಪುಗಟ್ಟುವ ನೀರು. ಕಾಂಕ್ರೀಟಿನ ರಂಧ್ರಗಳಲ್ಲಿ ಸೇರಿದ ನೀರು ರಾತ್ರಿ ಮಂಜುಗಡ್ಡೆಯಾದಾಗ ಅದರ ಗಾತ್ರ ಶೇಕಡ 9ರಷ್ಟು ಹಿಗ್ಗುತ್ತದೆ. ಹಗಲಿನ ಬಿಸಿಲಿಗೆ ಕರಗುತ್ತದೆ. ಈ ಕ್ರಿಯೆ ಮರುಕಳಿಸಿದಂತೆಲ್ಲ ಮೇಲ್ಮೈ ಹಕ್ಕಳೆಯಾಗಿ ಏಳುತ್ತದೆ. ಆದ್ದರಿಂದ ಅಲ್ಲಿ ಮಿಶ್ರಣದೊಳಗೆ ಸೂಕ್ಷ್ಮ ಗಾಳಿಗುಳ್ಳೆಗಳನ್ನು ಉಳಿಸುವ ದ್ರಾವಣ ಬಳಸುತ್ತಾರೆ. ಸುಮಾರು 450 ಮೀಟರ್ ಎತ್ತರದ ಕಲಬುರಗಿ ಸೀಮೆಗೆ ಈ ಚಿಕಿತ್ಸೆ ಅನಗತ್ಯ. ಇಲ್ಲಿ ಕೆಡುಕು ಮೇಲಿನ ಬಿಸಿಲು, ಕೆಳಗಿನ ಮಣ್ಣು ಎರಡರಿಂದಲೂ ಬರುತ್ತದೆ.

ಮಣ್ಣಿನ ಉಸಿರಾಟ

ಎರೆಮಣ್ಣಿನಲ್ಲಿ ಮಾಂಟ್‌ಮೊರಿಲ್ಲೊನೈಟ್ ಎಂಬ ಜೇಡಿ ಖನಿಜ ಹೇರಳವಾಗಿರುತ್ತದೆ. ಇದರ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಹೊಲ ಬಾಯಿಬಿಟ್ಟು ಕೈ ತೂರುವಷ್ಟು ಬಿರಿಯುವುದನ್ನೂ, ಮುಂಗಾರು ಮಳೆ ಬಿದ್ದ ಕೆಲವೇ ದಿನಗಳಲ್ಲಿ ಆ ಬಿರುಕು ಮುಚ್ಚಿಕೊಳ್ಳುವುದನ್ನೂ ಈ ಭಾಗದ ರೈತರು ವರ್ಷವೂ ಕಾಣುತ್ತಾರೆ. ಮನೆ ಕಟ್ಟಿದ ಮಾತ್ರಕ್ಕೆ ಮಣ್ಣು ಈ ಸ್ವಭಾವವನ್ನು ಬಿಡುವುದಿಲ್ಲ.

ಗೋಡೆಗೆ ತಳಪಾಯವಿರುತ್ತದೆ, ಅದರ ಮೇಲೆ ಮನೆಯ ಭಾರವಿರುತ್ತದೆ. ಅಂಗಳದ ಕಾಂಕ್ರೀಟ್ ಮಾತ್ರ ನಾಲ್ಕು ಅಂಗುಲ ದಪ್ಪದ, ಹಗುರವಾದ ಹಾಸು. ಮಣ್ಣಿನ ಒತ್ತಡವನ್ನು ಅದುಮಿ ಹಿಡಿಯುವ ಶಕ್ತಿ ಅದಕ್ಕಿಲ್ಲ. ಹಾಸಿನ ನಡುಭಾಗದ ಕೆಳಗೆ ತೇವ ಆವಿಯಾಗಲು ದಾರಿಯಿಲ್ಲದೆ ವರ್ಷದಿಂದ ವರ್ಷಕ್ಕೆ ಕೂಡಿಕೊಳ್ಳುತ್ತದೆ. ಅಂಚಿನ ಮಣ್ಣು ಮಾತ್ರ ಋತುವಿಗೆ ತಕ್ಕಂತೆ ಉಬ್ಬಿ ಕುಗ್ಗುತ್ತದೆ. ನಾಲ್ಕಾರು ವರ್ಷಗಳ ಬಳಿಕ ಅಂಗಳದ ನಡುಭಾಗ ಬೆನ್ನು ಎತ್ತಿದಂತೆ ಕಾಣುವುದಕ್ಕೆ ಇದೇ ಕಾರಣ. ಇಂತಹ ಅಂಗಳ ಕಂಡಾಗ ಗವಂಡಿ ಕಳಪೆ ಕೆಲಸ ಮಾಡಿದನೆಂದು ದೂರುವುದು ವಾಡಿಕೆಯಾಗಿದೆ. ಹಲವು ಸಂದರ್ಭಗಳಲ್ಲಿ ಆ ದೂರು ಸರಿಯಲ್ಲ.

ಬಿಸಿಲಿನ ಪಾಲೂ ಕಡಿಮೆಯದಲ್ಲ. ಮೇ ತಿಂಗಳಲ್ಲಿ ಇಲ್ಲಿ ತಾಪಮಾನ 40 ಡಿಗ್ರಿ ದಾಟುವುದು ಸಾಮಾನ್ಯ. ಒಣಗಾಳಿಯೂ ಸೇರಿದರೆ ಹಸಿ ಕಾಂಕ್ರೀಟಿನ ಮೇಲ್ಮೈ ಗಟ್ಟಿಯಾಗುವ ಮೊದಲೇ ಒಣಗಿ ಬಲೆಯಂತಹ ಕೂದಲೆಳೆ ಬಿರುಕು ಮೂಡುತ್ತದೆ. ಬಿಸಿಲಿಗೆ ಹೆದರಿ ಮಿಶ್ರಣಕ್ಕೆ ಹೆಚ್ಚು ನೀರು ಬೆರೆಸಿದರೆ ಹಾಸು ಇನ್ನಷ್ಟು ದುರ್ಬಲವಾಗುತ್ತದೆ.

ಮೊದಲು ಬಿರುಕನ್ನು ಓದಬೇಕು

ದುರಸ್ತಿಗೆ ಕೈಹಾಕುವ ಮುನ್ನ ಬಿರುಕು ಸತ್ತಿದೆಯೋ ಜೀವಂತವಾಗಿದೆಯೋ ಎಂದು ತಿಳಿಯುವುದು ಅಗತ್ಯ. ಬಲೆಯಂತಹ ಬಿರುಕು ಮೇಲ್ಮೈಯದು. ಅದು ಒಮ್ಮೆ ಮೂಡಿ ನಿಂತುಬಿಡುತ್ತದೆ. ಅಂಗಳದ ಅಡ್ಡಕ್ಕೆ ನೇರವಾಗಿ ಸಾಗುವ, ಎರಡೂ ಬದಿ ಸಮಮಟ್ಟದಲ್ಲಿರುವ ಬಿರುಕು ಸಾಮಾನ್ಯವಾಗಿ ಸಂದು ಬಿಡದೆ ಹಾಸು ಹಾಕಿದ್ದರ ಫಲ. ಒಂದು ಬದಿ ಎದ್ದು ಕಾಲು ಎಡವುವಂತಿದ್ದರೆ, ಬೇಸಿಗೆಯಲ್ಲಿ ಅಗಲವಾಗಿ ಶ್ರಾವಣದಲ್ಲಿ ಕಿರಿದಾಗುತ್ತಿದ್ದರೆ ಅದು ಮಣ್ಣಿನ ಬಿರುಕು.

ಇದನ್ನು ಪರೀಕ್ಷಿಸಲು ದುಬಾರಿ ಉಪಕರಣ ಬೇಕಿಲ್ಲ. ಬಿರುಕಿನ ಎರಡೂ ಬದಿಗೆ ಗುರುತು ಕೊರೆದು, ನಡುವಿನ ಅಳತೆಯನ್ನು ದಿನಾಂಕದೊಡನೆ ಬರೆದಿಟ್ಟು, ಒಂದು ಬೇಸಿಗೆ ಮತ್ತು ಒಂದು ಮಳೆಗಾಲ ಕಾಯಬೇಕು. ಬಿರುಕಿಗೆ ಅಡ್ಡಲಾಗಿ ತೆಳು ಗಾಜಿನ ಪಟ್ಟಿ ಅಂಟಿಸುವ ಕ್ರಮವೂ ಉಂಟು. ಹಾಸು ಸರಿದಾಡಿದರೆ ಗಾಜು ಸೀಳುತ್ತದೆ. ಸುತ್ತಿಗೆಯಿಂದ ಮೆಲ್ಲಗೆ ಬಡಿದಾಗ ಟೊಳ್ಳು ಸದ್ದು ಬಂದ ಕಡೆ ಮೇಲ್ಪದರ ಬಿಟ್ಟುಕೊಂಡಿದೆ ಅಥವಾ ಕೆಳಗೆ ಪೊಳ್ಳಾಗಿದೆ ಎಂದು ಅರಿಯಬೇಕು.

ಈ ಭಾಗದಲ್ಲಿ ಅತಿಯಾಗಿ ಕಾಣುವ ತಪ್ಪೆಂದರೆ ಬೇಸಿಗೆಯಲ್ಲಿ ಬಾಯಿಬಿಟ್ಟ ಬಿರುಕಿಗೆ ಸಿಮೆಂಟ್ ತುಂಬುವುದು. ಮಳೆಗಾಲದಲ್ಲಿ ಬಿರುಕು ಮುಚ್ಚಿಕೊಳ್ಳಲು ಹೊರಟಾಗ ಒಳಗಿನ ಗಟ್ಟಿ ಸಿಮೆಂಟ್ ಬೆಣೆಯಂತೆ ವರ್ತಿಸುತ್ತದೆ. ಅಂಚುಗಳು ಪುಡಿಯಾಗುತ್ತವೆ, ಪಕ್ಕದಲ್ಲೇ ಹೊಸ ಬಿರುಕು ಹುಟ್ಟುತ್ತದೆ. ಮರುವರ್ಷ ಮತ್ತೆ ಅದೇ ಖರ್ಚು.

ದುರಸ್ತಿಯ ಕ್ರಮ

ಮೊದಲ ಕೆಲಸ ನೀರಿನದು. ಮಾಳಿಗೆಯ ಕೊಳವೆ, ಬಚ್ಚಲು, ಸೋರುವ ನಲ್ಲಿ ಇವುಗಳ ನೀರು ಅಂಗಳದ ಅಂಚಿನಲ್ಲಿ ಇಂಗುತ್ತಿದ್ದರೆ ಬೇರಾವ ಚಿಕಿತ್ಸೆಯೂ ನಿಲ್ಲದು. ಗೋಡೆಯಿಂದ ಹೊರಕ್ಕೆ 50 ಅಡಿಗೆ ಒಂದು ಅಡಿಯಷ್ಟಾದರೂ ಇಳಿಜಾರು ಇರಬೇಕು. ಹಾಸಿಗೆ ತಾಗಿ ಬೆಳೆದ ದೊಡ್ಡ ಮರ ಮಣ್ಣಿನ ತೇವ ಹೀರಿ ಒಂದು ಮೂಲೆಯನ್ನು ಕುಗ್ಗಿಸುವುದೂ ಉಂಟು. ಹಾಗೆಂದು ಹಳೆಯ ಬೇವಿನಮರವನ್ನು ಕಡಿಯುವುದು ಜಾಣತನವಲ್ಲ: ಬೇರು ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ಆ ಮೂಲೆ ಮತ್ತೆ ಉಬ್ಬುತ್ತದೆ.

ಸತ್ತ ಬಿರುಕನ್ನು ಉಳಿಯಿಂದ ಅರ್ಧ ಅಂಗುಲ ಅಗಲ ಮತ್ತು ಆಳಕ್ಕೆ, ಅಂಚು ನೆಟ್ಟಗೆ ನಿಲ್ಲುವಂತೆ ಕೊರೆಯಬೇಕು. ಧೂಳು ತೆಗೆದು ತೊಳೆದು, ತೇವವಿದ್ದರೂ ನೀರು ನಿಲ್ಲದ ಸ್ಥಿತಿಯಲ್ಲಿ, ಒಂದು ಪಾಲು ಸಿಮೆಂಟಿಗೆ ಮೂರು ಪಾಲು ಉಸುಕು ಬೆರೆಸಿದ ಗಾರೆಗೆ ಎಸ್‌ಬಿಆರ್ ಅಥವಾ ಅಕ್ರಿಲಿಕ್ ದ್ರಾವಣ ಸೇರಿಸಿ ತುಂಬಬೇಕು. ಜೀವಂತ ಬಿರುಕನ್ನು ಮುಚ್ಚುವ ಹಟ ಬಿಟ್ಟು ಅದನ್ನೇ ಸಂದು ಎಂದು ಒಪ್ಪಿಕೊಳ್ಳುವುದು ಮೇಲು. ಪಾಲಿಸಲ್ಫೈಡ್, ಪಾಲಿಯುರೆಥೇನ್‌ನಂತಹ ಹಿಗ್ಗಿ ಕುಗ್ಗುವ ಲೇಪವನ್ನು, ಬಿರುಕು ಅತಿ ಅಗಲವೂ ಅತಿ ಕಿರಿದೂ ಅಲ್ಲದ ಚಳಿಗಾಲದಲ್ಲಿ ತುಂಬುವುದು ಸೂಕ್ತ.

ಹಾಸು ಗಟ್ಟಿಯಾಗಿದ್ದು ಮೇಲ್ಮೈ ಮಾತ್ರ ಸವೆದಿದ್ದರೆ ಮರುಹೊದಿಕೆ ಹಾಕಬಹುದು. ಹಳೆಯ ಮೇಲ್ಮೈಯನ್ನು ಕೆತ್ತಿ ಒರಟಾಗಿಸದೆ ಹೊದಿಸಿದ ಪದರ ಎರಡು ಬೇಸಿಗೆಯಲ್ಲಿ ಕಿತ್ತು ಬರುತ್ತದೆ. ಹಳೆಯ ಹಾಸಿನಲ್ಲಿ ಸಂದು ಎಲ್ಲಿದೆಯೋ ಹೊಸ ಪದರದಲ್ಲೂ ಅಲ್ಲೇ ಬಿಡಬೇಕು. ಬಿಡದಿದ್ದರೆ ಬಿರುಕೇ ಆ ಜಾಗವನ್ನು ಆರಿಸಿಕೊಳ್ಳುತ್ತದೆ. ಹೊಸದಾಗಿ ನಾಲ್ಕು ಅಂಗುಲದ ಹಾಸು ಹಾಕುವವರು ಎಂಟರಿಂದ ಹತ್ತು ಅಡಿಗೊಂದು ಸಂದನ್ನು, ದಪ್ಪದ ಕಾಲುಭಾಗದಷ್ಟು ಆಳಕ್ಕೆ ಕೊಡಬೇಕು.

ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರವರಿವರೆಗಿನ ಕಾಲ ಒಳ್ಳೆಯದು. ಬೇಸಿಗೆಯಲ್ಲೇ ಮಾಡಬೇಕಾದರೆ ಸಂಜೆ ಆರಂಭಿಸಿ, ಖಡಿ ಮತ್ತು ಉಸುಕನ್ನು ನೆರಳಿನಲ್ಲಿಟ್ಟು, ಹಾಕಿದ ಕೂಡಲೇ ಒದ್ದೆ ಗೋಣಿತಟ್ಟು ಹೊದಿಸಬೇಕು. ಭಾರತೀಯ ಮಾನಕ 456ರ 2000ನೇ ಇಸವಿಯ ಆವೃತ್ತಿಯು ಬಿಸಿ, ಒಣ ಹವೆಯಲ್ಲಿ ಕನಿಷ್ಠ 10 ದಿನ ನೀರುಣಿಸಲು ಹೇಳುತ್ತದೆ. ಹಾರುಬೂದಿ ಬೆರೆತ ಸಿಮೆಂಟಿಗೆ 14 ದಿನಗಳನ್ನು ಶಿಫಾರಸು ಮಾಡುತ್ತದೆ. ಅಂಗಡಿಗಳಲ್ಲಿ ಇಂದು ಹೆಚ್ಚಾಗಿ ಮಾರಾಟವಾಗುವ ಪಿಪಿಸಿ ಚೀಲ ಈ ಎರಡನೆಯ ವರ್ಗದ್ದು. ಬೇಸಿಗೆಯಲ್ಲಿ ಕುಡಿಯುವ ನೀರಿಗೇ ತತ್ವಾರವಿರುವ ಊರುಗಳಲ್ಲಿ 14 ದಿನ ಅಂಗಳಕ್ಕೆ ನೀರು ಹೊಂದಿಸುವುದು ಸುಲಭವಲ್ಲ. ಕೆಲಸವನ್ನು ಚಳಿಗಾಲಕ್ಕೆ ಮುಂದೂಡಲು ಇದೂ ಒಂದು ಕಾರಣ.

ಎದ್ದ ಹಾಸಿಗೆ ಎರಡು ದಾರಿ

ಹಾಸೇ ಎದ್ದು ಹಲವು ತುಂಡಾಗಿದ್ದರೆ ಮೇಲಿನ ಯಾವ ಲೇಪವೂ ಫಲಕಾರಿಯಾಗದು. ಒಡೆದು ತೆಗೆದು ಕೆಳಗಿನ ಮಣ್ಣಿಗೆ ಚಿಕಿತ್ಸೆ ಮಾಡಬೇಕು. ಮುಂಬಯಿ ಐಐಟಿಯ ಪ್ರಾಧ್ಯಾಪಕ ಆರ್.ಕೆ. ಕಟ್ಟಿ ಅವರು 1970ರ ದಶಕದಲ್ಲಿ, ಉಬ್ಬದ ಆದರೆ ಅಂಟುಗುಣವುಳ್ಳ ಮಣ್ಣಿನ ಪದರವನ್ನು ಎರೆಮಣ್ಣಿನ ಮೇಲೆ ಹಾಸಿದರೆ ಕೆಳಗಿನ ಉಬ್ಬರ ತಗ್ಗುತ್ತದೆ ಎಂಬುದನ್ನು ತೋರಿಸಿದರು. ಮಲಪ್ರಭಾ ಯೋಜನೆಯ ಕಾಲುವೆ ಕಾಮಗಾರಿಯಲ್ಲಿ ಈ ವಿಧಾನ ಬಳಕೆಯಾಯಿತು. ಮನೆಯ ಮಟ್ಟದಲ್ಲಿ ಇದಕ್ಕೆ ಒದಗುವುದು ಅಂಟುಳ್ಳ ಗರಸು. ಎರೆಯನ್ನು ತೋಡಿ ತೆಗೆದು, ಗರಸನ್ನು ಪದರ ಪದರವಾಗಿ ನೀರು ಚಿಮುಕಿಸಿ ಬಡಿದು ಕೂರಿಸಬೇಕು. ಗರಸಿನ ಬದಲು ಉಸುಕು ತುಂಬುವುದು ತಪ್ಪು: ಉಸುಕು ನೀರನ್ನು ಹಿಡಿದಿಟ್ಟು ಕೆಳಗಿನ ಎರೆಗೆ ಉಣಿಸುತ್ತದೆ. ಎಷ್ಟು ಆಳ ತೋಡಬೇಕೆಂಬುದನ್ನು ಮಣ್ಣು ಪರೀಕ್ಷಿಸಿಯೇ ನಿರ್ಧರಿಸಬೇಕು. ಎರಡು-ಮೂರು ಅಡಿ ಎಂದಾದರೆ ಅದು ಸಾಮಾನ್ಯ ಕುಟುಂಬಕ್ಕೆ ಹಗುರದ ಖರ್ಚಲ್ಲ.

ಎರಡನೆಯ ದಾರಿ ಜಿಲ್ಲೆಯಲ್ಲೇ ಇದೆ. ಶಹಾಬಾದಿನ ಸುಣ್ಣಕಲ್ಲಿನ ಫರ್ಸಿ ಭೀಮಾ ಕಣಿವೆಯ ಪುರಾತನ ಶಿಲಾಪದರಗಳಿಂದ ಹಲಗೆಯಂತೆ ಬಿಡಿಸಿ ತೆಗೆದದ್ದು. ಬಡಿದು ಕೂರಿಸಿದ ಗರಸಿನ ಮೇಲೆ ಸುಣ್ಣದ ಗಾರೆಯಲ್ಲಿ ಫರ್ಸಿ ಹಾಸಿದರೆ, ಮಣ್ಣು ಏರಿಳಿದಾಗ ಕಲ್ಲುಗಳು ಬಿಡಿಬಿಡಿಯಾಗಿ ಸರಿಯುತ್ತವೆ. ಎದ್ದ ನಾಲ್ಕು ಕಲ್ಲನ್ನು ಕಿತ್ತು, ಗರಸು ಸಮಮಾಡಿ, ಅದೇ ಕಲ್ಲನ್ನು ಮತ್ತೆ ಕೂರಿಸಬಹುದು. ಒಡೆದ ಕಾಂಕ್ರೀಟಿಗೆ ಆ ಅನುಕೂಲವಿಲ್ಲ. ಕಾಂಕ್ರೀಟ್ ಆಧುನಿಕ, ಫರ್ಸಿ ಹಳೆಯದು ಎಂಬ ಕಾರಣಕ್ಕೆ ಎರೆಭೂಮಿಯ ಊರುಗಳಲ್ಲಿ ಕಲ್ಲಿನ ಅಂಗಳ ಕೀಳಿಸುವುದು ನಷ್ಟದ ವ್ಯಾಪಾರವೇ ಸರಿ. ಆದರೆ ಅಂಗಳಕ್ಕೆ ಒರಟು ಮೈಯ ಕಲ್ಲನ್ನೇ ಆರಿಸಬೇಕು. ಹೊಳಪು ಕೊಟ್ಟದ್ದು ಮಳೆಯಲ್ಲಿ ಜಾರುತ್ತದೆ. ಸುಣ್ಣಕಲ್ಲಾದ್ದರಿಂದ ಅದನ್ನು ಆ್ಯಸಿಡ್ ಹಾಕಿ ತೊಳೆಯಬಾರದು.