ಸುರಪುರದ ಟೇಲರ್ ಮಂಜಿಲ್

ಇಳಕಲ್ಲು, ಹುನಗುಂದದ ಕಡೆಯಿಂದ ಕೃಷ್ಣೆಯನ್ನು ದಾಟಿ ಈಶಾನ್ಯಕ್ಕೆ ಸಾಗಿದರೆ ಬಂಡೆಗುಡ್ಡಗಳ ನಡುವೆ ಸುರಪುರ ಸಿಗುತ್ತದೆ. ಬೇಡ ನಾಯಕರು ಆಳಿದ ಊರು. ಅಲ್ಲೊಂದು ಗುಡ್ಡದ ಮೇಲೆ ಇಂಗ್ಲಿಷ್ ಅಧಿಕಾರಿಯೊಬ್ಬ ಕಟ್ಟಿಸಿಕೊಂಡ ಮನೆಯಿದೆ. ಜನ ಅದನ್ನು ‘ಟೇಲರ್ ಮಂಜಿಲ್’ ಎಂದು ಕರೆಯುತ್ತ ಬಂದಿದ್ದಾರೆ. ಮಂಜಿಲ್ ಅರಬಿಯಿಂದ ಉರ್ದುವಿಗೆ ಬಂದ ಮಾತು. ಪಯಣಿಗ ಇಳಿದು ತಂಗುವ ಜಾಗ ಎಂಬುದು ಅದರ ಮೂಲಾರ್ಥ.

ಫಿಲಿಪ್ ಮೆಡೋಸ್ ಟೇಲರ್ ಹುಟ್ಟಿದ್ದು 1808ರಲ್ಲಿ, ಲಿವರ್‌ಪೂಲಿನಲ್ಲಿ. ಹದಿಹರೆಯದಲ್ಲೇ ಮುಂಬಯಿಗೆ ಬಂದು, ಅನಂತರ ನಿಜಾಮನ ಸೇವೆ ಸೇರಿದ. ಆತನ ಹೆಂಡತಿ ಮೇರಿ ಹೈದರಾಬಾದಿನ ಲೇವಾದೇವಿಗಾರ ವಿಲಿಯಂ ಪಾಮರನ ಮಗಳು. ಪಾಮರನ ತಾಯಿಯೋ ಫೈಜ್ ಬಖ್ಷ್ ಬೇಗಂ. ‘ಇಂಗ್ಲಿಷರ ಮನೆ’ ಎಂದು ನಾವು ಸಲೀಸಾಗಿ ಹೇಳುವಾಗ ಈ ಅಜ್ಜಿಯನ್ನೂ ನೆನೆಯಬೇಕು.

1841ರಲ್ಲಿ ಟೇಲರ್ ಸುರಪುರಕ್ಕೆ ಬಂದಾಗ ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕ. ಆಡಳಿತದ ಹೊಣೆ ಟೇಲರನದಾಯಿತು. ಮೋಜಣಿ, ಎಂಜಿನಿಯರಿಂಗನ್ನು ಆತ ತಾನಾಗಿಯೇ ಕಲಿತಿದ್ದ.

ಇಂಗ್ಲೆಂಡಿನ ಕಲ್ಲುಮನೆ ಚಳಿಯನ್ನು ಹೊರಗಿಡಲು ಕಟ್ಟಿದ್ದು. ಇಲ್ಲಿ ಹೊರಗಿಡಬೇಕಾದದ್ದು ಬಿಸಿಲನ್ನು. ಅದಕ್ಕಾಗಿ ಇಂಗ್ಲಿಷರು ಬಂಗಾಳದ ಗುಡಿಸಲಿನಿಂದ ಬಂಗಲೆಯನ್ನು ಕಲಿತರು: ನಡುವೆ ಪಡಸಾಲೆ, ಸುತ್ತ ಕೋಣೆಗಳು, ನೆರಳಿಗೆ ವರಾಂಡ. ಗುಡ್ಡದ ಮೇಲೆ ಕಟ್ಟಿದರೆ ಗಾಳಿಯೂ ಸಿಗುತ್ತದೆ, ಕೆಳಗಿನ ಊರಿನ ಮೇಲೆ ಕಣ್ಣೂ ಇರುತ್ತದೆ. ಎರಡನೆಯದು ಬೇಡವಾಗಿತ್ತೆಂದು ನಾನು ನಂಬಲಾರೆ.

ಆದರೂ ಒಂದು ಮಾತು. 1885ರಲ್ಲಿ ಜಿಲ್ಲಾ ಕಚೇರಿ ಕಲಾದಗಿಯಿಂದ ಬಿಜಾಪುರಕ್ಕೆ ಹೋದಾಗ ಸಾಹೇಬರು ಆದಿಲ್‌ಶಾಹಿ ಮಹಲುಗಳನ್ನೇ ಕಚೇರಿ, ಬಂಗಲೆ ಮಾಡಿಕೊಂಡರು. ಬುಖಾರಿ ಮಸೀದಿ ಅಂಚೆ ಕಚೇರಿಯಾಯಿತು. ಟೇಲರ್ ತನ್ನ ಮನೆಯನ್ನು ತಾನೇ ಕಟ್ಟಿಸಿಕೊಂಡ.

ವೆಂಕಟಪ್ಪ ಆತನನ್ನು ‘ಅಪ್ಪ’ ಎಂದೇ ಕರೆಯುತ್ತಿದ್ದ. 1853ರಲ್ಲಿ ರಾಜನಿಗೆ ಅಧಿಕಾರ ಬಿಟ್ಟುಕೊಟ್ಟು ಟೇಲರ್ ಹೊರಟ. ಐದು ವರ್ಷದೊಳಗೆ, 1858ರ ಫೆಬ್ರವರಿಯಲ್ಲಿ, ರಾಜ ಬ್ರಿಟಿಷರ ವಿರುದ್ಧ ಆಯುಧ ಎತ್ತಿದ. ಸೋತು ಹೈದರಾಬಾದಿನಲ್ಲಿ ಸಿಕ್ಕಿಬಿದ್ದ. ಟೇಲರ್ ಸೆರೆಯಲ್ಲಿ ಆತನನ್ನು ಕಂಡ. ಮರಣದಂಡನೆ ತಪ್ಪಿತು, ಶಿಕ್ಷೆ ಇಳಿಯಿತು. ಆದರೆ ಸೆರೆಮನೆಗೆ ಒಯ್ಯುವ ದಾರಿಯಲ್ಲೇ ರಾಜ ಗುಂಡಿಗೆ ಬಲಿಯಾದ. ತಾನೇ ಹಾರಿಸಿಕೊಂಡನೆಂದು ಟೇಲರ್ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಸುರಪುರ ನಿಜಾಮನ ಪಾಲಾಯಿತು. ಟೇಲರ್ ಕೊನೆಗಾಲದಲ್ಲಿ ದೃಷ್ಟಿ ಕಳೆದುಕೊಂಡು 1876ರಲ್ಲಿ ಫ್ರಾನ್ಸಿನ ಮೆಂಟೋನಿನಲ್ಲಿ ತೀರಿಕೊಂಡ. ಗುಡ್ಡದ ಮೇಲಿನ ಮನೆ ಮುಂದೆ ಸರ್ಕಾರದ ಪ್ರವಾಸಿ ಮಂದಿರವಾಯಿತು.