ನೂಲಿನ ಊರಿನಿಂದ ಕಬ್ಬಿನ ಗದ್ದೆಗೆ

ಕೊಯಮತ್ತೂರು ಎಂದರೆ ಹತ್ತಿ ಗಿರಣಿಗಳ ಊರು. ಅಲ್ಲಿನ ಉದ್ಯಮಿ ಮನೆತನದ ರಾಜಶ್ರೀ ಪತಿ 1985ರಲ್ಲಿ ಕಟ್ಟಿದ್ದು ಮಾತ್ರ ಸಕ್ಕರೆ ಕಂಪನಿಯನ್ನು. ಕಾರ್ಖಾನೆ ಎದ್ದದ್ದು ಇಂದಿನ ತೇನಿ ಜಿಲ್ಲೆಯ ವೈಗೈ ಅಣೆಕಟ್ಟೆಯ ಬಳಿ. ಜಾಗದ ಹೆಸರು ವರದರಾಜ್ ನಗರ. ರಾಜ್ಯಸಭೆಯ ಸದಸ್ಯರಾಗಿದ್ದ ಅವರ ತಂದೆಯ ಹೆಸರು ಜಿ. ವರದರಾಜ್.

ಹತ್ತಿಯನ್ನು ಗೋದಾಮಿನಲ್ಲಿ ತಿಂಗಳುಗಟ್ಟಲೆ ಇಡಬಹುದು. ಕಬ್ಬು ಹಾಗಲ್ಲ, ಕಡಿದ ದಿನದಿಂದಲೇ ಅದರ ಸಿಹಿ ಇಳಿಯತೊಡಗುತ್ತದೆ. ಹೀಗಾಗಿ ಕಾರ್ಖಾನೆಯ ಅಳಿವು-ಉಳಿವು ಸುತ್ತಲಿನ ರೈತರ ಕೈಯಲ್ಲಿ. ಜೊತೆಗೆ ಸರ್ಕಾರದ ಹಿಡಿತ. ಕಾರ್ಖಾನೆ ತೆರೆಯಲು ಲೈಸೆನ್ಸ್ ಬೇಕಿತ್ತು. ಕಬ್ಬಿನ ಕನಿಷ್ಠ ದರವನ್ನು ಸರ್ಕಾರವೇ ಗೊತ್ತುಪಡಿಸುತ್ತಿತ್ತು. ತಯಾರಾದ ಸಕ್ಕರೆಯಲ್ಲಿ ಒಂದು ಪಾಲನ್ನು ಪಡಿತರಕ್ಕಾಗಿ ಕಡಿಮೆ ಬೆಲೆಗೆ 'ಲೆವಿ'ಯಾಗಿ ಒಪ್ಪಿಸಬೇಕಿತ್ತು. ಲೈಸೆನ್ಸ್ 1998ರಲ್ಲಿ ಹೋಯಿತು, ಲೆವಿ 2013ರಲ್ಲಿ.

ಬರೀ ಸಕ್ಕರೆ ನಂಬಿ ಬದುಕುವುದು ಕಷ್ಟವಾದ ಈ ಉದ್ಯಮದಲ್ಲಿ ಕಂಪನಿ ಕಬ್ಬಿನ ಸಿಪ್ಪೆಯಿಂದ ವಿದ್ಯುತ್, ಕಾಕಂಬಿಯಿಂದ ಮದ್ಯಸಾರ ತೆಗೆಯುವ ಹಾದಿ ಹಿಡಿಯಿತು. ವಿಲ್ಲುಪುರಂ ಜಿಲ್ಲೆಗೂ ಕಾಲಿಟ್ಟಿತು.

ಲೆವಿಯ ಹೊರೆ ಇಳಿದ 2013ರಲ್ಲೇ ರಾಜಶ್ರೀ ಅವರಿಗೆ ಪದ್ಮಶ್ರೀ ಬಂತು. ಆದರೆ ಕಬ್ಬಿಗೆ ಸರ್ಕಾರದ ದರ, ಸಕ್ಕರೆಗೆ ಪೇಟೆಯ ಧಾರಣೆ ಎಂಬ ಹಳೆಯ ಇಕ್ಕಟ್ಟು ಉಳಿದೇ ಇತ್ತು. ಪೇಟೆ ಕುಸಿದಾಗಲೆಲ್ಲ ಕಾರ್ಖಾನೆಗೆ ಸಾಲ, ರೈತನಿಗೆ ಬಾಕಿ.